ಕ್ಯಾಸೆಟ್ಟಿನ ಕೋಟೆ

ಮಾನ್ವಿ
14-7-1986

ಯಜಮಾನರಿಗೆ ಗೋಪಮ್ಮನ ನಮಸ್ಕಾರಗಳು.

ರಾಯಚೂರಿನ ತರಬೇತಿ ಮುಗಿಸಿ ನಿನ್ನೆ ಮಾನ್ವಿಗೆ ಬಂದು ಮುಟ್ಟಿದೆ. ಅಲ್ಲಿಂದ ನಿಮಗೆ ಒಂದೇ ಒಂದು ಕಾರ್ಡು ಹಾಕಿದೆ ಎಂಬ ಸಿಟ್ಟು ಇನ್ನೂ ಇದ್ದರೆ, ಈ ಉದ್ದದ ಪತ್ರ ಓದಿ ಇಳಿಸಿಕೊಳ್ಳಿ. ಅತ್ತೆಯವರ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಲು ಬಡೇಬೀ ಬರುತ್ತಾಳೋ ಇಲ್ಲವೋ ಬರೆಯಿರಿ.

ನಮ್ಮ ಶಾಲೆಗೆ ಕಂಪ್ಯೂಟರು ಬಂದಿದೆ. ಹೆಡ್ ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಹೆದರಿ ದೂರ ನಿಂತರು. "ಟೀಚರಮ್ಮಾ, ನೀವಽ ಮುಟ್ರಿ, ನನಗ್ಯಾಕ ಬೇಕು" ಎಂದರು. ಹಾಗಾಗಿ ಬೀಗದ ಕೈ ನನ್ನ ಸೆರಗಿಗೆ ಬಂತು. ನೋಡಲು ನಿಮ್ಮ ತಾಲೂಕು ಕಚೇರಿಯ ಟೈಪ್‌ರೈಟರಿನ ತಮ್ಮನಂತಿದೆ. ಒಂದು ವೈರು ಟಿವಿಗೆ, ಇನ್ನೊಂದು ವೈರು ಟೇಪ್ ರೆಕಾರ್ಡರಿಗೆ. ನಗಬೇಡಿ, ನಮ್ಮ ಮನೆಯಲ್ಲಿರುವಂಥದ್ದೇ ಟೇಪ್ ರೆಕಾರ್ಡರು. ಕಂಪ್ಯೂಟರಿಗೆ ಕರೆಂಟು ಹೋದರೆ ಎಲ್ಲ ಮರೆತುಹೋಗುತ್ತದೆ. ನೆನಪಿಡಬೇಕಾದದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು.

ತರಬೇತಿಯಲ್ಲಿ ನಮಗೆ ಕಲಿಸಿದವರು ರಾಯಚೂರಿನ ಜಗನ್ನಾಥ ಮಾಸ್ತರರು. ಅವರು ತಾವೇ ಒಂದು ಆಟ ಬರೆದಿದ್ದಾರೆ. ಹೆಸರು 'ಕೋಟೆ'. ಒಬ್ಬರು ಒಳಗಿದ್ದು ಕಾಯಬೇಕು, ಒಬ್ಬರು ಹೊರಗಿನಿಂದ ಮುತ್ತಬೇಕು. ಅಲ್ಲಿದ್ದಾಗ ಜಗನ್ನಾಥ ಮಾಸ್ತರರ ಎದುರು ಎಲ್ಲರೂ ಸೋತರು, ನಾನೊಬ್ಬಳು ಸೋಲಲಿಲ್ಲ. ಆಟ ಮುಗಿಯುವ ಮೊದಲೇ ತರಬೇತಿ ಮುಗಿಯಿತು. ಅದಕ್ಕೆ ಈಗ ಕ್ಯಾಸೆಟ್ಟಿನ ಮೇಲೆ ಮುಂದುವರಿಸುವುದೆಂದು ಮಾತಾಗಿದೆ. ನಾನು ಒಂದು ನಡೆ ಆಡಿ ಕ್ಯಾಸೆಟ್ಟನ್ನು ಕಂಡಕ್ಟರ್ ಮೌನಪ್ಪನ ಕೈಯಲ್ಲಿ ರಾಯಚೂರಿಗೆ ಕಳಿಸುವುದು, ಜಗನ್ನಾಥ ಮಾಸ್ತರರು ತಮ್ಮ ನಡೆ ಆಡಿ ಅದೇ ಬಸ್ಸಿಗೆ ಹಿಂದಕ್ಕೆ ಕಳಿಸುವುದು.

ಒಂದು ಭಾನುವಾರ ಬನ್ನಿ. ನಿಮಗೂ ಕಲಿಸುತ್ತೇನೆ.

ಇಂತಿ, ಗೋಪಮ್ಮ


ದೇವದುರ್ಗ
22-7-1986

ಚಿ. ಸೌ. ಗೋಪಮ್ಮನಿಗೆ ರಾಮಲಿಂಗಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅವ್ವನ ಮೊಣಕಾಲು ಹಾಗೇ ಇದೆ. ಬಡೇಬೀ ದಿನಾ ಬರುತ್ತಾಳೆ, ಎಣ್ಣೆ ಹಚ್ಚುವುದಕ್ಕಿಂತ ಮಜ್ಜಿಗೆಗಾಗಿ.

ಶಾಲೆಗೆ ಯಂತ್ರ ಬಂದದ್ದು, ಅದರ ಜವಾಬ್ದಾರಿ ನಿನಗೆ ವಹಿಸಿದ್ದು ಓದಿ ಸಂತೋಷವಾಯಿತು. ನಮ್ಮ ಓಣಿಯ ಹೆಣ್ಣುಮಗಳು ಇಂಥದ್ದನ್ನು ಮುಟ್ಟಿದ್ದು ಇದೇ ಮೊದಲು ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವ್ವ ಒಂದೇ ಮಾತು ಕೇಳಿದಳು: "ಈ ಜಗನ್ನಾಥ ಅನ್ನಾಂವ ಯಾರಪ್ಪಾ?" ನಾನಾಗಿ ಕೇಳುತ್ತಿಲ್ಲ, ಅವ್ವ ಕೇಳಿದ್ದನ್ನು ಬರೆದಿದ್ದೇನೆ. ಸಾಲಿಗೊಂದು ಸಲ ಆ ಹೆಸರು ಬಂದರೆ ಯಾರಾದರೂ ಕೇಳುತ್ತಾರೆ.

ಹೋದ ವಾರ ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಮೌನಪ್ಪ ಸಿಕ್ಕಿದ್ದ. ಹೆಸರಿಗೆ ಮೌನಪ್ಪ, ಬಾಯಿ ಮಾತ್ರ ಮುಚ್ಚುವುದಿಲ್ಲ. "ಏನ್ ಸರ, ಟೀಚರಮ್ಮಾರು ಮಾಸ್ತರಗ ಹಾಡು ತುಂಬಿ ಕಳಸಾಕತ್ತಾರಲ್ಲ" ಎಂದ. ಹಾಡಲ್ಲ, ಆಟ ಎಂದೆ. ಅವನು ನಕ್ಕ. ಆ ನಗೆ ನನಗೆ ಸೇರಲಿಲ್ಲ.

ಆ ಕ್ಯಾಸೆಟ್ಟಿನಲ್ಲಿ ಏನಿರುತ್ತದೆ? ಮಾತು ತುಂಬಲು ಬರುತ್ತದೆಯೇ? ತಿಳಿದುಕೊಳ್ಳಲೆಂದು ಮಾತ್ರ ಕೇಳುತ್ತಿದ್ದೇನೆ. ಭಾನುವಾರ ಬರಲು ಆಗುವುದಿಲ್ಲ. ಆಟ ಆಡುವ ವಯಸ್ಸು ನನ್ನದಲ್ಲ.

ರಾಮಲಿಂಗಪ್ಪ


ಮಾನ್ವಿ
3-8-1986

ಯಜಮಾನರಿಗೆ ಗೋಪಮ್ಮನ ನಮಸ್ಕಾರಗಳು.

ಅತ್ತೆಯವರು ಕೇಳಿದ್ದಕ್ಕೆ ಮೊದಲು ಉತ್ತರ. ಜಗನ್ನಾಥ ಮಾಸ್ತರರು ಗಣಿತದ ಮೇಷ್ಟ್ರು. ನಿಮ್ಮ ವಯಸ್ಸಿನವರೇ. ನೋಡಲು ಚೆಂದ ಇದ್ದಾರೆ, ಮಾತು ಮೆತ್ತಗೆ, ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಅತ್ತೆಯವರಿಗೆ ಸಮಾಧಾನವಾಯಿತೇ?

ಕ್ಯಾಸೆಟ್ಟಿನಲ್ಲಿ ಮಾತಿಲ್ಲ. ನಮ್ಮ ಮನೆಯ ಟೇಪಿನಲ್ಲಿ ಹಾಕಿದರೆ ಗಿರಣಿಯ ಪಟ್ಟಿ ಹರಿದಂತೆ ಕಿರ್ರನೆ ಕೂಗುತ್ತದೆ. ಆ ಕಿರುಚಾಟವೇ ಕಂಪ್ಯೂಟರಿಗೆ ಅಕ್ಷರ. ಒಂದು ಸಲ ತುಂಬಿಟ್ಟ ಕಿರುಚಾಟಕ್ಕೆ ಫೈಲು ಎನ್ನುತ್ತಾರೆ. ನಿಮ್ಮ ಕಚೇರಿಯ ಫೈಲಿನಂತೆ ದಾರ ಕಟ್ಟಿದ್ದಲ್ಲ.

ಈ ಆಟಕ್ಕೆ ಎರಡು ಬಗೆಯ ಫೈಲು ಬೇಕು. ತರಬೇತಿಯಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ, ಅದಕ್ಕೆ ನಿಧಾನ ಓದಿ. ನಾವು ಚೌಕಾಬಾರ ಆಡುವುದಿಲ್ಲವೇ? ಮೊದಲು ಬಳಪದಲ್ಲಿ ಮನೆ ಬರೆಯುತ್ತೇವೆ, ಕಟ್ಟೆ ಎಲ್ಲಿ, ಯಾರ ಬಳೆ ಚೂರು ಎಲ್ಲಿಂದ ಹೊರಡಬೇಕು ಎಂದು ಗೊತ್ತು ಮಾಡುತ್ತೇವೆ. ಇನ್ನೂ ಯಾರೂ ಕವಡೆ ಹಾಕಿಲ್ಲ. ಅದು ಸನ್ನಿವೇಶದ ಫೈಲು. ಕೋಟೆಗೆ ಎಷ್ಟು ಬಾಗಿಲು, ಬಾವಿ ಎಲ್ಲಿ, ಕಣಜದಲ್ಲಿ ಎಷ್ಟು ಜೋಳ, ಎಲ್ಲ ಅದರಲ್ಲಿರುತ್ತದೆ. ಆಟ ಅರ್ಧವಾದಾಗ ಅವ್ವ ಊಟಕ್ಕೆ ಕರೆಯುತ್ತಾಳೆ. ಯಾರ ಚೂರು ಯಾವ ಮನೆಯಲ್ಲಿ ನಿಂತಿದೆ ಎಂದು ನೆನಪಿಟ್ಟು ಏಳುತ್ತೇವೆ. ಅದು ಉಳಿಸಿದ ಆಟದ ಫೈಲು. ಬದಲಾದದ್ದು ಮಾತ್ರ ಅದರಲ್ಲಿರುತ್ತದೆ. ಹಾಗಾಗಿ ಉಳಿಸಿದ ಆಟ ಅಳಿಸಿಹೋದರೆ ಚಿಂತೆಯಿಲ್ಲ, ಮತ್ತೆ ಮೊದಲಿನಿಂದ ಆಡಬಹುದು. ಬಳಪದ ಮನೆಯನ್ನೇ ಯಾರಾದರೂ ಒರೆಸಿಬಿಟ್ಟರೆ ಚೂರು ಎಲ್ಲಿ ಇಡುತ್ತೀರಿ?

ನಾನೀಗ ನನ್ನದೇ ಸನ್ನಿವೇಶ ಬರೆಯುತ್ತಿದ್ದೇನೆ, ರಾಯಚೂರು ಕೋಟೆಯದು. ತರಬೇತಿಯ ಕೊನೆಗೆ ಒಂದು ಸಂಜೆ ನಾವು ಕಾಟಿ ದರ್ವಾಜಾದಿಂದ ನವರಂಗಿ ದರ್ವಾಜಾದ ತನಕ ನಡೆದು ಎಲ್ಲ ಗುರುತು ಮಾಡಿಕೊಂಡೆವು. ಗುಡ್ಡದ ಮೇಲೆ ಗಾಳಿ ಬಹಳ ಚೆನ್ನಾಗಿತ್ತು.

ಇಂತಿ, ಗೋಪಮ್ಮ


ದೇವದುರ್ಗ
11-8-1986

ಗೋಪಮ್ಮನಿಗೆ ಆಶೀರ್ವಾದ.

'ನಾವು' ನಡೆದೆವು ಎಂದು ಬರೆದಿದ್ದೀ. ನಾವು ಎಂದರೆ ಯಾರು?

ಮದುವೆಯಾದ ಹೊಸದರಲ್ಲಿ ಕೋಟೆ ತೋರಿಸುತ್ತೇನೆ ಬಾ ಎಂದು ನಿನ್ನನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ಗುಡ್ಡ ಹತ್ತಿ ಕಾಲು ನೋವು ಎಂದು ಕುಳಿತೆ. ಹಣ್ಣು ಕೊಡಿಸಿ ವಾಪಸು ಕರೆದುಕೊಂಡು ಬಂದೆ. ಈಗ ಈ ದರ್ವಾಜಾದಿಂದ ಆ ದರ್ವಾಜಾದ ತನಕ ನಡೆಯಲು ಕಾಲು ಬಂದಿವೆ, ಒಳ್ಳೆಯದು.

ಚೆಂದ ಇದ್ದಾರೆ ಎಂದು ಬರೆದದ್ದನ್ನು ಅವ್ವನಿಗೆ ಓದಿ ಹೇಳಲಿಲ್ಲ.

ನೀನು ವಿವರಿಸಿದ ಎರಡು ಫೈಲುಗಳ ವಿಚಾರ ಓದಿದೆ. ನನಗೂ ಟೇಪ್ ರೆಕಾರ್ಡರ್ ಇದೆ, ಕ್ಯಾಸೆಟ್ಟಿನ ವ್ಯವಹಾರ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಭಜನೆ ತುಂಬುವಾಗ ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ ತುದಿಯಿಂದ ತುಂಬುತ್ತೇನೆ. ಹೊಸದು ಬಂದ ಕಡೆ ಹಳೆಯದು ಇರುವುದಿಲ್ಲ. ನೀವು ಇಬ್ಬರೂ ವಾರವಾರವೂ ಅದೇ ಕ್ಯಾಸೆಟ್ಟಿನಲ್ಲಿ ತುಂಬುತ್ತೀರಿ. ಹಾಗಾದರೆ ಮೊದಲಿನದು ಉಳಿಯುವುದಾದರೂ ಹೇಗೆ? ಮೊದಲಿನದು ಹಾಗೇ ಇದೆ ಎಂದು ನೀನು ಹೇಳುವುದನ್ನು ನಾನು ನಂಬಲಾರೆ.

ನಮ್ಮಪ್ಪ ಕಲ್ಲು ಒಡೆದು ನನ್ನನ್ನು ಗುಮಾಸ್ತನನ್ನಾಗಿ ಮಾಡಿದ. ಮೆತ್ತಗೆ ಮಾತಾಡುವುದು ನಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲ. ಇರಲಿ.

ರಾಮಲಿಂಗಪ್ಪ


ಮಾನ್ವಿ
30-8-1986

ಯಜಮಾನರಿಗೆ ನಮಸ್ಕಾರಗಳು.

ನಾವು ಎಂದರೆ ತರಬೇತಿಗೆ ಬಂದವರು. ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಇನ್ನೊಂದು ಸಲ ಓದಿದೆ. ಮದುವೆಯಾಗಿ ಇಷ್ಟು ದಿನಕ್ಕೆ ನೀವು ನನ್ನ ಕಾಲುನೋವು ನೆನಪಿಸಿಕೊಂಡು ಬರೆದದ್ದು ಇದೇ ಮೊದಲು. ಇದಕ್ಕೆ ಜಗನ್ನಾಥ ಮಾಸ್ತರರಿಗೇ ಥ್ಯಾಂಕ್ಸ್ ಹೇಳಬೇಕು.

ಮೊದಲಿನದು ಹೇಗೆ ಉಳಿಯುತ್ತದೆ ಎಂಬುದನ್ನು ಪತ್ರದಲ್ಲಿ ಬರೆದು ದಣಿಯಲಾರೆ. ಬನ್ನಿ, ಕಣ್ಣಾರೆ ತೋರಿಸುತ್ತೇನೆ. ಬರುವುದಿಲ್ಲ ಎಂದರೆ ಅನುಮಾನದಲ್ಲೇ ಇರಿ.

ಈಗ ಮುಖ್ಯ ಮಾತು. ದೀಪಾವಳಿ ರಜೆ ಮುಗಿದ ಕೂಡಲೇ ರಾಯಚೂರಿನಲ್ಲಿ ವಿಜ್ಞಾನ ಮೇಳ ಇದೆ. ಜಿಲ್ಲೆಯ ಎಲ್ಲ ಹೆಡ್ ಮಾಸ್ತರರು, ಮೇಲಿನ ಸಾಹೇಬರು ಬರುತ್ತಾರೆ. ಕಂಪ್ಯೂಟರ್ ಕಲಿಸಲು ಇಡೀ ಜಿಲ್ಲೆಗೆ ಒಬ್ಬರನ್ನು ರಾಯಚೂರಿಗೆ ಆರಿಸುತ್ತಾರಂತೆ. ಮೇಳದಲ್ಲಿ ಯಾರು ಚೆನ್ನಾಗಿ ತೋರಿಸಿ ತಿಳಿಸಿಕೊಡುತ್ತಾರೋ ಅವರಿಗೆ ಆ ಹುದ್ದೆ. ನನ್ನ ರಾಯಚೂರು ಕೋಟೆಯ ಸನ್ನಿವೇಶ ಮುಗಿದಿದೆ, ಕ್ಯಾಸೆಟ್ಟಿನ ಆಟವನ್ನೂ ಈಗ ಅದರ ಮೇಲೇ ಆಡುತ್ತಿದ್ದೇವೆ. ನಾನು ಅದನ್ನೇ ತೋರಿಸಬೇಕೆಂದಿದ್ದೇನೆ. ಮೊದಲು ಸನ್ನಿವೇಶ ತೆಗೆಯುವುದು, ಗಟ್ಟಿ ಕೋಟೆ. ಆಮೇಲೆ ಉಳಿಸಿದ ಆಟ ತೆಗೆಯುವುದು, ಮೆಕ್ಕಾ ದರ್ವಾಜಾ ಬಿದ್ದು, ಬಾವಿ ಬತ್ತಿದ ಕೋಟೆ. ಮತ್ತೆ ಸನ್ನಿವೇಶ ತೆಗೆದರೆ ಕೋಟೆ ಮತ್ತೆ ಗಟ್ಟಿ! ಅದನ್ನು ನೋಡಿ ಸಾಹೇಬರು ಹುಬ್ಬೇರಿಸಬೇಕು.

ಈ ಹುದ್ದೆ ನನಗೆ ಬೇಕು. ಸಂಕೋಚವಿಲ್ಲದೆ ಹೇಳುತ್ತಿದ್ದೇನೆ, ಬಹಳ ಬೇಕು. ನನ್ನ ಅವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವಳು, ನಾನು ಇಡೀ ಜಿಲ್ಲೆಯ ಮಾಸ್ತರರಿಗೆ ಕಲಿಸಬೇಕು. ನೀವು ಏನು ಹೇಳುತ್ತೀರಿ?

ಇಂತಿ, ಗೋಪಮ್ಮ


ದೇವದುರ್ಗ
13-9-1986

ಗೋಪಮ್ಮನಿಗೆ,

ರಾಯಚೂರಿನಲ್ಲೇ ಯಾಕೆ? ಅಲ್ಲಿ ಯಾರಿದ್ದಾರೆ ಎಂದು ನನಗೂ ಗೊತ್ತು, ನಿನಗೂ ಗೊತ್ತು.

ಮದುವೆಯಾದಾಗ ನೀನು ದೇವದುರ್ಗಕ್ಕೆ ವರ್ಗ ಕೇಳುವ ಮಾತಾಗಿತ್ತು. ಅವ್ವ ಅದನ್ನೇ ಕಾಯುತ್ತಿದ್ದಾಳೆ. "ಸೊಸಿ ಬಂದ್ರ ಒಲಿ ಮುಂದಿಂದ ಏಳ್ತೀನಿ" ಎನ್ನುತ್ತಾಳೆ. ಬಹಳ ಬೇಕು ಎಂದು ನೀನು ಬರೆದ ಮಾತು ನನಗೆ ಚುಚ್ಚಿತು. ನನ್ನ ವಿಷಯದಲ್ಲಿ, ಈ ಮನೆಯ ವಿಷಯದಲ್ಲಿ ಆ ಮಾತನ್ನು ನೀನು ಯಾವತ್ತೂ ಆಡಲಿಲ್ಲ. ಆ ಮನುಷ್ಯನೇ ಶಿಫಾರಸು ಮಾಡಿರಬೇಕು. ವಾರಕ್ಕೊಂದು ಕ್ಯಾಸೆಟ್ಟು ಹೋಗಿ ಬರುವುದು ಸಾಲದೆ ಇನ್ನು ದಿನಾ ಎದುರು ಬದುರು ಕುಳಿತು ಆಡಬಹುದು.

ನಿನ್ನ ಇಷ್ಟ. ನಾನು ಬೇಡ ಎನ್ನುವುದಿಲ್ಲ.

ರಾಮಲಿಂಗಪ್ಪ


ಮಾನ್ವಿ
20-10-1986
(ಕಾರ್ಡು)

ಯಜಮಾನರಿಗೆ ನಮಸ್ಕಾರಗಳು. ತಿಂಗಳಿಗೂ ಮೇಲಾಯಿತು, ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಸಾಕು. ದೀಪಾವಳಿಗೆ ಬರುತ್ತಿದ್ದೇನೆ. ಹಬ್ಬ ಮುಗಿಸಿ ದೇವದುರ್ಗದಿಂದ ನೇರ ರಾಯಚೂರಿಗೆ, ಮೇಳಕ್ಕೆ ಹೋಗುವುದು. ಕ್ಯಾಸೆಟ್ಟು ಜೊತೆಗೇ ತರುತ್ತೇನೆ. ಅತ್ತೆಯವರಿಗೆ ಹೋಳಿಗೆ ನಾನೇ ಮಾಡುತ್ತೇನೆ, ಒಲೆಯ ಮುಂದೆ ಕೂರಬೇಡಿ ಎಂದು ಹೇಳಿ. — ಗೋ.


ದೇವದುರ್ಗ
5-11-1986

ಪ್ರೀತಿಯ ಗೋಪಮ್ಮನಿಗೆ ಆಶೀರ್ವಾದಗಳು.

ಬೆಳಗಿನ ಬಸ್ಸಿಗೆ ಸೀಟು ಸಿಕ್ಕಿತೇ? ಕಿಟಕಿಯಲ್ಲಿ ಕೈ ಬೀಸಿದ್ದು ಕಂಡಿತು. ಹಬ್ಬ ಚೆನ್ನಾಗಿ ಆಯಿತು. ಹೋಳಿಗೆಯ ರುಚಿ ಅವ್ವ ಇನ್ನೂ ಹೇಳುತ್ತಿದ್ದಾಳೆ. ನೀನು ಹೋದ ಮೇಲೆ ಮನೆ ಖಾಲಿ ಎನ್ನಿಸುತ್ತದೆ. ಇದನ್ನು ಹಿಂದೆ ಬರೆದಿರಲಿಲ್ಲ, ಈಗ ಬರೆಯಬೇಕೆನ್ನಿಸಿತು.

ಮೇಳದಲ್ಲಿ ಒಳ್ಳೆಯದಾಗಲಿ. ಒಂದು ವೇಳೆ ಏನಾದರೂ ಹೆಚ್ಚು ಕಡಿಮೆಯಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕ್ಯಾಸೆಟ್ಟುಗಳು ಬಹಳ ನಾಜೂಕು, ಬಸ್ಸಿನ ಕುಲುಕಾಟ, ಬಿಸಿಲು, ಯಾವುದೂ ಅವಕ್ಕೆ ಆಗಿಬರುವುದಿಲ್ಲ. ನನ್ನ ಎಷ್ಟೋ ಭಜನೆ ಕ್ಯಾಸೆಟ್ಟು ಹಾಗೇ ಹಾಳಾಗಿವೆ. ಆಟವಲ್ಲವೇ, ಹೋದರೆ ಮತ್ತೆ ಆಡಿದರಾಯಿತು. ನೀನೇ ಬರೆದಿದ್ದೆಯಲ್ಲ.

ಹುದ್ದೆ ಸಿಗದಿದ್ದರೂ ನಿನಗೆ ಒಂದು ಮನೆ ಇದೆ. ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಜಾಗ ಖಾಲಿ ಇದೆಯಂತೆ, ವಿಚಾರಿಸಿದ್ದೇನೆ.

ನಿನ್ನ ರಾಮಲಿಂಗಪ್ಪ


ಮಾನ್ವಿ
9-11-1986

ಯಜಮಾನರಿಗೆ ನಮಸ್ಕಾರಗಳು.

ಮೇಳ ಮುಗಿಯಿತು. ಹುದ್ದೆ ಲಿಂಗಸುಗೂರು ಕಡೆಯ ಒಬ್ಬ ಮಾಸ್ತರರಿಗೆ ಆಯಿತು.

ಹೇಗಾಯಿತು ಎಂದು ನಿಮಗೆ ತಿಳಿಯಬೇಕು, ಬರೆಯುತ್ತೇನೆ. ಸಭಾಂಗಣ ತುಂಬಿತ್ತು. ಸಾಹೇಬರು ಮುಂದಿನ ಸಾಲಿನಲ್ಲಿ. ಎರಡು ಫೈಲುಗಳ ವಿಷಯ ಚೌಕಾಬಾರದ ಉದಾಹರಣೆಯಿಂದ ಶುರು ಮಾಡಿದೆ. ಎಲ್ಲರೂ ನಕ್ಕರು, ಎಲ್ಲರಿಗೂ ತಿಳಿಯಿತು. "ಈಗ ನೋಡ್ರಿ, ಗಟ್ಟಿ ಕೋಟಿ" ಎಂದು ಟೇಪ್ ಹಚ್ಚಿದೆ. ಟಿವಿಯಲ್ಲಿ ಏನೂ ಬರಲಿಲ್ಲ. ಕಂಪ್ಯೂಟರು ಹುಡುಕುತ್ತಲೇ ಇತ್ತು. ಮತ್ತೆ ಹಿಂದಕ್ಕೆ ಸುತ್ತಿ ಹಚ್ಚಿದೆ. ಇಲ್ಲ. ಇಂಥ ಹೊತ್ತಿನಲ್ಲಿ ವೈರು ಕಿತ್ತು, ಟೇಪಿನ ಕಿರುಚಾಟ ಸರಿಯಿದೆಯೇ ಎಂದು ಕಿವಿಯಿಂದಲೇ ಕೇಳಿ ನೋಡುವುದು ನಮ್ಮ ಪದ್ಧತಿ. ಕಿತ್ತೆ.

ಕಿರುಚಾಟ ಬರಲಿಲ್ಲ. ಮೊದಲು ಒಂದು ಕೆಮ್ಮು ಬಂತು. ಕೋಳಿ ಕೂಗಿತು. ಪಾತ್ರೆ ಸರಿದ ಸಪ್ಪಳ. ಆಮೇಲೆ ಒಬ್ಬ ಮುದುಕಿಯ ಧ್ವನಿ, ಸಭಾಂಗಣಕ್ಕೆಲ್ಲ ಕೇಳುವ ಹಾಗೆ: "ಬಸ್ಸವ್ವಾ, ಒಂಚೂರು ಮಜ್ಜಿಗಿ ಅದ ಏನಬೇ?" ಅದಕ್ಕೆ ಒಂದು ಗಂಡುಧ್ವನಿ, ಗಾಬರಿಯಲ್ಲಿ: "ಅವ್ವ ಸಂತಿಗಿ ಹೋಗ್ಯಾಳ. ಈಗ ಬ್ಯಾಡ ಬಡೇಬೀ, ಹೋಗು, ಆಮ್ಯಾಲೆ ಬಾ." ಆಮೇಲೆ ಟಕ್ ಎಂದು ನಿಂತಿತು.

ಇಡೀ ಸಭೆ ನಕ್ಕಿತು. ಹೆಡ್ ಮಾಸ್ತರರೊಬ್ಬರು "ಮಜ್ಜಿಗಿ ಕೊಟ್ಟು ಕಳಸ್ರಿ ಪಾಪ" ಎಂದರು. ಸಾಹೇಬರೂ ನಕ್ಕರು, ಆಮೇಲೆ ಗಡಿಯಾರ ನೋಡಿದರು. ಜಗನ್ನಾಥ ಮಾಸ್ತರರು ಹತ್ತಿರ ಬಂದು "ಯಾರ ಧ್ವನಿರೀ ಇದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸಾಹೇಬರ ಮುಂದೆ, ನಾನೇ ಎಚ್ಚರ ತಪ್ಪಿ ಸನ್ನಿವೇಶದ ಮೇಲೆ ಬೇರೇನೋ ತುಂಬಿದ್ದೇನೆ, ತಪ್ಪು ನನ್ನದು ಎಂದೆ. ಆ ಎರಡು ಫೈಲು ಬೇರೆ ಬೇರೆ ಎಂದು ತಿಳಿಸಿಕೊಡಲು ನಿಂತವಳು ನಾನು. ಇನ್ನೊಂದು ಪ್ರತಿ ಇತ್ತು, ಮಾನ್ವಿಯ ಶಾಲೆಯ ಬೀರುವಿನಲ್ಲಿ.

ಆ ಧ್ವನಿ ಯಾರದೆಂದು ನಿಮಗೇನಾದರೂ ಹೊಳೆಯುತ್ತದೆಯೇ?

ಗೋಪಮ್ಮ


ದೇವದುರ್ಗ
15-11-1986

ಗೋಪಮ್ಮನಿಗೆ ಆಶೀರ್ವಾದ.

ಪತ್ರ ತಲುಪಿತು. ಇಲ್ಲಿ ಚಳಿ ಶುರುವಾಗಿದೆ. ಅವ್ವನಿಗೆ ಹೊಸ ಕಂಬಳಿ ತಂದಿದ್ದೇನೆ. ಕಚೇರಿಯಲ್ಲಿ ಕೆಲಸ ಬಹಳ. ಬಿಳಿಜೋಳ ಈ ಸಲ ಚೆನ್ನಾಗಿ ಎದ್ದಿದೆ ಎನ್ನುತ್ತಾರೆ.

ಆರೋಗ್ಯ ನೋಡಿಕೋ.

ರಾಮಲಿಂಗಪ್ಪ


ಮಾನ್ವಿ
22-11-1986

ಚಳಿ ಇಲ್ಲೂ ಶುರುವಾಗಿದೆ.

ಜೋಳದ ಸುದ್ದಿ ಬರೆದಿರಿ, ಕಂಬಳಿಯ ಸುದ್ದಿ ಬರೆದಿರಿ. ನಾನು ಅತ್ತೆಯವರ ಜೊತೆ ಸಂತೆಯಲ್ಲಿ ನಿಮಗೆಂದು ಬಾಳೆಹಣ್ಣು ಆರಿಸುತ್ತಿದ್ದ ಹೊತ್ತಿನಲ್ಲಿ, ನೀವು ನನ್ನ ಕೈಚೀಲಕ್ಕೆ ಕೈ ಹಾಕಿದಿರಿ. ಒದರಾಡಿದ್ದರೆ, ಕ್ಯಾಸೆಟ್ಟನ್ನು ನನ್ನ ಮುಂದೆಯೇ ಒಲೆಗೆ ಹಾಕಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅಷ್ಟು ಸಿಹಿಯಾದ ಪತ್ರವನ್ನು ಬರೆದಿರಲ್ಲ, ಅದನ್ನು ಹೇಗೆ ಮರೆಯಲಿ? ಮನೆ ಖಾಲಿ ಎನ್ನಿಸುತ್ತದೆ ಎಂಬ ಸಾಲನ್ನು ರಾಯಚೂರಿನಿಂದ ಬಂದ ದಿನ ಓದಿ ನಾನು ಅತ್ತಿದ್ದೆ. ಕ್ಯಾಸೆಟ್ಟಿಗೆ ಬಿಸಿಲು ಆಗುವುದಿಲ್ಲ ಎಂಬ ಸಾಲು ಅದರ ಕೆಳಗೇ ಇತ್ತು.

ಏನು ಮಾಡಿದಿರಿ ಎಂದು ನಿಮಗೇ ಗೊತ್ತಿಲ್ಲ, ಅದನ್ನೂ ನಾನೇ ಹೇಳಬೇಕು. ನೀವು ಅಳಿಸಲು ಹೊರಟದ್ದು ನಾನೂ ಜಗನ್ನಾಥ ಮಾಸ್ತರರೂ ಆಡುತ್ತಿದ್ದ ಆಟವನ್ನು. ಭಜನೆ ತುಂಬುವವರಂತೆ ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ ತುದಿಯಿಂದ ಅಳಿಸಿದಿರಿ. ತುದಿಯಲ್ಲಿ ಇದ್ದದ್ದು ಸನ್ನಿವೇಶ. ಅದನ್ನು ನಾನೊಬ್ಬಳೇ ಕುಳಿತು ಬರೆದದ್ದು, ಜಗನ್ನಾಥ ಮಾಸ್ತರರು ಅದರಲ್ಲಿ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ನಾವು ಆಡಿದ ಆಟ ಟೇಪಿನಲ್ಲಿ ಅದು ಮುಗಿದ ಮೇಲೆ, ಸ್ವಲ್ಪ ಜಾಗ ಬಿಟ್ಟು ಇತ್ತು. ಮಾನ್ವಿಗೆ ಬಂದು ಬೀರುವಿನ ಪ್ರತಿಯ ಜೊತೆ ಹಾಕಿ ನೋಡಿದೆ. ಆ ಆಟಕ್ಕೆ ಒಂದು ಚೂರೂ ಏನೂ ಆಗಿಲ್ಲ. ನಿಮ್ಮ ಹೊಟ್ಟೆಕಿಚ್ಚು ಯಾರನ್ನು ಸುಡಬೇಕೆಂದಿತ್ತೋ ಅವರನ್ನು ಸುಡಲಿಲ್ಲ. ನನ್ನನ್ನು ಸುಟ್ಟಿತು.

ಬರೆಯುವಂಥದ್ದು ಏನಾದರೂ ಇದ್ದರೆ ಮಾತ್ರ ಬರೆಯಿರಿ. ಕಂಬಳಿ, ಜೋಳ ಬೇಡ.

ಗೋಪಮ್ಮ


ಮಾನ್ವಿ
30-12-1986

ಯಜಮಾನರಿಗೆ ಗೋಪಮ್ಮನ ನಮಸ್ಕಾರಗಳು.

ಟಪಾಲಿನವನು ನಮ್ಮ ಬಾಗಿಲು ದಾಟಿ ಹೋಗುವುದನ್ನು ದಿನವೂ ನೋಡಿದೆ. ಸುಮ್ಮಸುಮ್ಮನೆ ಬರೆಯಬೇಡಿ ಎಂದವಳು ನಾನೇ, ಆದರೂ ನೋಡಿದೆ. ದಿನ ಕಳೆದಂತೆ ಸಿಟ್ಟು ಇಳಿಯುವ ಬದಲು ಗಟ್ಟಿಯಾಗುತ್ತ ಹೋಯಿತು. ನಿನ್ನೆ ಶಾಲೆಯ ಕೆಲಸದ ಮೇಲೆ ರಾಯಚೂರಿಗೆ ಹೋಗಿದ್ದೆ. ಜಗನ್ನಾಥ ಮಾಸ್ತರರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಬಡಿಸುತ್ತಾ ಅವರ ಹೆಂಡತಿ ಅಹಲ್ಯಾಬಾಯಿ ನಗುತ್ತಾ ಕೇಳಿದರು: "ನಿಮ್ಮ ಮನ್ಯಾವ್ರು ಬಂದಿದ್ದು ನಿಮಗ ಗೊತ್ತಿಲ್ಲೇನ್ರಿ?"

ಯಾವಾಗ ಎಂದು ಕೇಳಿದೆ.

ಹಿಂದಿನ ಭಾನುವಾರ ನೀವು ಹೋಗಿ ಬಾಗಿಲಲ್ಲಿ ನಿಂತಿರಂತೆ. ಒಳಗೆ ಬನ್ನಿ ಎಂದರೂ ಬರಲಿಲ್ಲವಂತೆ. "ನಾ ಗೋಪಮ್ಮನ ಗಂಡ ರೀ. ಟೇಪಿನಾಗ ಮಾತಾಡಿದಾಂವ ನಾನಽ. ಆಕಿದೇನೂ ತಪ್ಪಿಲ್ಲ. ಸಾಹೇಬರ ಮುಂದ ಎಲ್ಲಿ ಹೇಳಬೇಕು ಹೇಳ್ರಿ, ಅಲ್ಲೂ ಹೇಳ್ತೀನಿ" ಎಂದಿರಂತೆ. ಜಗನ್ನಾಥ ಮಾಸ್ತರರು "ಆರ್ಡರ್ ಹೋಗಿಬಿಟ್ಟದ್ರಿ, ಈಗ ಏನೂ ಮಾಡಾಕ ಬರಂಗಿಲ್ಲ. ಆದ್ರ ಸಾಹೇಬರ ಕಿವಿಗೆ ಹಾಕ್ತೀನಿ" ಎಂದರಂತೆ. ನೀವು ಹೊರಟಿರಂತೆ. ಆಗ ಒಳಗಿನಿಂದ ಅಹಲ್ಯಾಬಾಯಿ ಕೂಗಿದರಂತೆ: "ರೀ, ಮೆಕ್ಕಾ ದರ್ವಾಜಾಕ್ಕ ಆನಿ ತರ್ಲೋ ಬ್ಯಾಡೋ, ಜಲ್ದಿ ಹೇಳ್ರಿ!" ನೀವು ಬಾಗಿಲಲ್ಲೇ ತಿರುಗಿ ನಿಂತಿರಂತೆ.

ಆ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಮೊದಲಿನಿಂದಲೂ ಆಡುತ್ತಿದ್ದದ್ದು ಅವರಿಬ್ಬರ ಜೊತೆ. ಅರ್ಧ ನಡೆ ಅಹಲ್ಯಾಬಾಯಿಯವು, ಗೆದ್ದ ನಡೆಗಳೆಲ್ಲ ಅವರವೇ. ಕೋಟೆಯ ಗುಡ್ಡ ಹತ್ತಿದ ಸಂಜೆ ನನ್ನ ಕೈ ಹಿಡಿದು ಹತ್ತಿಸಿದವರೂ ಅವರೇ. ನಿಮಗೆ ಬೇಕೆಂದೇ ಬರೆಯಲಿಲ್ಲ. ನೀವು ಉರಿದುಕೊಂಡು ಬರೆಯುತ್ತಿದ್ದ ಪತ್ರಗಳು ನನಗೆ ಹಿತವಾಗಿದ್ದವು. ಮುಂದಿನ ಪತ್ರದಲ್ಲಿ ಇನ್ನಷ್ಟು ಉರಿಯಲಿ ಎಂದು ಒಂದೊಂದು ಸಾಲು ಸೇರಿಸುತ್ತಿದ್ದೆ. ಚೆಂದ ಇದ್ದಾರೆ ಎಂದು ಬರೆದದ್ದೂ ಅದಕ್ಕೇ. ನಿಮ್ಮ ತಪ್ಪು ನಿಮ್ಮದೇ, ಅದರಲ್ಲಿ ಪಾಲು ಕೇಳಲು ಬಂದಿಲ್ಲ. ಆದರೆ ಇಷ್ಟನ್ನು ನೀವೂ ತಿಳಿದಿರಬೇಕು.

ಈಗ ಈ ಪತ್ರ ಯಾಕೆ ಬರೆಯಲು ಕುಳಿತೆನೋ ಆ ಮಾತು.

ನೀವು ಹೊರಡಲಿಲ್ಲವಂತೆ. "ಆಟ ಬರ್ತದೇನ್ರಿ?" ಎಂದು ಜಗನ್ನಾಥ ಮಾಸ್ತರರು ಕೇಳಿದ್ದಕ್ಕೆ "ಇಲ್ರಿ, ಯಾರೂ ಕಲಿಸಿಲ್ಲ" ಎಂದಿರಂತೆ. ಯಾರೂ ಕಲಿಸಿಲ್ಲ! ಕಲಿಸುತ್ತೇನೆ ಬನ್ನಿ ಎಂದು ನಾನು ಎಷ್ಟು ಸಲ ಬರೆದೆ? ನನಗೆ ಆಟದ ವಯಸ್ಸಲ್ಲ ಎಂದವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತಿರಂತೆ. ಶಾಲೆಯ ಕಂಪ್ಯೂಟರನ್ನು ಅವರು ಭಾನುವಾರ ಮನೆಗೆ ತಂದಿದ್ದರಂತೆ. ಮುದಗಲ್ ಕೋಟೆಯ ಸನ್ನಿವೇಶ ಹಾಕಿಕೊಟ್ಟರಂತೆ. ಇದ್ದ ಸೈನಿಕರನ್ನೆಲ್ಲ ಒಂದೇ ಬಾಗಿಲಿಗೆ ನಿಲ್ಲಿಸಿ, ಬಾವಿಯನ್ನು ಮರೆತು, ನೀರಿಲ್ಲದೆ ಸೋತಿರಂತೆ. ಸೋತು ನಕ್ಕಿರಂತೆ. "ಎಷ್ಟು ನಕ್ಕರ್ರೀ ನಿಮ್ಮವರು, ಕಣ್ಣಾಗ ನೀರು ಬಂದಿತ್ತು" ಎಂದು ಅಹಲ್ಯಾಬಾಯಿ ಹೇಳಿದರು. ಮತ್ತೆ ಹಾಕಿ ಎಂದು ನೀವೇ ಕೇಳಿ, ಕೊನೆಯ ಬಸ್ಸಿನ ತನಕ ಆಡಿ, ಮುಗಿಯದೆ ಉಳಿದ ಆಟವನ್ನು ಕ್ಯಾಸೆಟ್ಟಿನಲ್ಲಿ ನಿಮ್ಮ ಕೈಯಿಂದಲೇ ತುಂಬಿ ಬಂದಿದ್ದೀರಿ. ಈ ಸಲ ಎಲ್ಲಿ ತುಂಬಬೇಕೆಂದು ಕೇಳಿ ತಿಳಿದುಕೊಂಡೇ ತುಂಬಿದಿರಂತೆ. ಬರುವ ಭಾನುವಾರ ಮುಂದುವರಿಸಲು ಬರುತ್ತೀರಂತೆ.

ಅಹಲ್ಯಾಬಾಯಿ ಸಂತೋಷದಿಂದ ಹೇಳುತ್ತಿದ್ದರು. ನಾನೂ ನಕ್ಕು ಕೇಳಿದೆ. ಬಸ್ಸಿನಲ್ಲಿ ನೀರಮಾನ್ವಿ ಬರುವ ತನಕ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದೆ. ಹುದ್ದೆ ಹೋದ ದಿನ ಇಷ್ಟು ಸಂಕಟವಾಗಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ತಪ್ಪನ್ನು ಮೊದಲು ಒಪ್ಪಿಕೊಂಡದ್ದು ಅವರ ಮುಂದೆ. ಮೊದಲು ಆಡಿದ್ದು ಅವರ ಜೊತೆ. ನೀವು ಕಣ್ಣಲ್ಲಿ ನೀರು ಬರುವ ಹಾಗೆ ನಗುವುದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ, ಆ ಹೆಂಗಸು ನೋಡಿದಳು. ನನಗೆ ಹೊಟ್ಟೆ ಉರಿಯುತ್ತಿದೆ. ನಿಮಗೆ ಇಷ್ಟು ದಿನ ಹೀಗೇ ಆಗುತ್ತಿತ್ತೇ? ಹೀಗೇ ಆಗುತ್ತಿದ್ದರೆ ಆ ಕ್ಯಾಸೆಟ್ಟಿಗೆ ನೀವು ಕೈ ಹಾಕಿದ್ದು ನನಗೆ ಇವತ್ತು ಅರ್ಥವಾಗುತ್ತದೆ. ಕ್ಷಮಿಸಿದೆ ಎಂದಲ್ಲ, ಅರ್ಥವಾಗುತ್ತದೆ.

ಕೋಟೆಯ ಸನ್ನಿವೇಶವನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ತೆಗೆಯಬಹುದು. ನಿಮಗೆ ಮೊದಲ ಸಲ ಆಟ ಕಲಿಸುವುದು ನನ್ನ ಪಾಲಿನದಾಗಿತ್ತು, ಅದು ಇನ್ನು ಯಾವ ಕ್ಯಾಸೆಟ್ಟಿನಲ್ಲೂ ನನಗೆ ಸಿಗುವುದಿಲ್ಲ.

ಬರುವ ಭಾನುವಾರ ರಾಯಚೂರಿನ ಬಸ್ಸು ಹತ್ತಬೇಡಿ. ಮಾನ್ವಿಗೆ ಬನ್ನಿ. ಬೀಗದ ಕೈ ನನ್ನ ಹತ್ತಿರವೇ ಇದೆ.

ನಿಮ್ಮ ಗೋಪಮ್ಮ